ಹೆಸರುವಾಸಿ ಖಯಾಲ್ ರೆಕಾರ್ಡುಗಳು ಸಪ್ಪೆ ಅನ್ನಿಸೋದು ಯಾಕೆ: ಹಾಡಿಕೆಯೋ, ತಟ್ಟೆಯೋ, ಡಿಜಿಟಲ್ ಮಾಡಿದವರೋ?

ಮಂದ್ರಪಂಚಮ (ಪ್ರಶ್ನೆ)

"ಕೇಳಲೇಬೇಕು" ಪಟ್ಟಿಗಳಲ್ಲಿ ಬರುವ ಹಿಂದೂಸ್ತಾನಿ ರೆಕಾರ್ಡುಗಳಲ್ಲಿ ಕೆಲವು ಎಷ್ಟು ಸಲ ಕೇಳಿದರೂ ಹತ್ತಿರ ಬರುತ್ತಿಲ್ಲ. ಅಬ್ದುಲ್ ಕರೀಂ ಖಾನರ 1930ರ ದಶಕದ 78ಗಳಲ್ಲಿ (ನಿಮಿಷಕ್ಕೆ 78 ಸುತ್ತಿನ ಅರಗಿನ ತಟ್ಟೆಗಳು) ದನಿ ತೆಳ್ಳಗೆ, ಮೂಗಿನಲ್ಲಿ ಬಂದಂತೆ. ತಂಬೂರಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು ಬೇರೆ ಯಾರೋ ಹಾಡಿದ ಹಾಗಿವೆ. ಮಲ್ಲಿಕಾರ್ಜುನ ಮನ್ಸೂರರ ಆರಂಭದ ತಟ್ಟೆಗಳಲ್ಲಿ ಜೈಪುರ-ಅತ್ರೌಲಿ ಘರಾಣೆಯ ಸುಳಿವೇ ಇಲ್ಲ. ಅಮೀರ್ ಖಾನರ ಮಾರ್ವಾ–ದರ್ಬಾರಿ ಎಲ್‌ಪಿ ಶುರುವಿನಲ್ಲಿ ಚೆನ್ನಾಗಿದ್ದು ದ್ರುತ್ (ವೇಗದ ಭಾಗ) ಬರುವ ಹೊತ್ತಿಗೆ ಕರ್ಕಶ. ಇದರಲ್ಲಿ ಹಾಡಿಕೆಯದೆಷ್ಟು, ಮಾಧ್ಯಮದ್ದೆಷ್ಟು, ಡಿಜಿಟಲ್‌ಗೆ ಇಳಿಸಿದವರದ್ದೆಷ್ಟು ಅಂತ ಬೇರ್ಪಡಿಸುವುದು ಹೇಗೆ?

ಜೊತೆಗೊಂದು ಲೆಕ್ಕ. 1930ರ ದಶಕದ ಒಂದೇ ಖಯಾಲ್ ಬದಿ ಎರಡು ಸಂಕಲನಗಳಲ್ಲಿ ಸಿಕ್ಕಿದೆ. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದರಲ್ಲಿ 3 ನಿಮಿಷ 12 ಸೆಕೆಂಡ್, ಇನ್ನೊಂದರಲ್ಲಿ 3 ನಿಮಿಷ 3 ಸೆಕೆಂಡ್. ನಿಧಾನದ ಫೈಲಿನಲ್ಲಿ ಷಡ್ಜ ಡಿ (D) ಸ್ವರಕ್ಕಿಂತ 45 ಸೆಂಟ್ (ಒಂದು ಸ್ವರಸ್ಥಾನಕ್ಕೆ 100 ಸೆಂಟ್) ಮೇಲೆ ಕೂತಿದೆ. ವೇಗದ ಫೈಲಿನ ಟಿಪ್ಪಣಿಯಲ್ಲಿ ತಟ್ಟೆಯನ್ನು 78ಕ್ಕೇ ತಿರುಗಿಸಿದ್ದು ಅಂತಿದೆ. ಯಾವುದು ಸರಿ?

ಪಿನ್ನು_ತಟ್ಟೆ

ಎರಡೂ ಸರಿಯಿಲ್ಲ. ಲೆಕ್ಕದಿಂದಲೇ ಶುರು ಮಾಡೋಣ.

192 ಸೆಕೆಂಡ್ ಭಾಗಿಸು 183 ಅಂದರೆ 1.049. ಅಂದರೆ ಎರಡು ಫೈಲುಗಳ ನಡುವೆ ಸುಮಾರು 83 ಸೆಂಟ್ ಅಂತರ, ಮುಕ್ಕಾಲು ಸ್ವರಸ್ಥಾನಕ್ಕೂ ಹೆಚ್ಚು. ನಿಧಾನದ್ದು ಡಿಗಿಂತ 45 ಸೆಂಟ್ ಮೇಲಿದ್ದರೆ ವೇಗದ್ದು 128 ಸೆಂಟ್ ಮೇಲೆ, ಅಂದರೆ ಡಿ ಶಾರ್ಪ್‌ಗಿಂತ 28 ಮೇಲೆ. ಹಾರ್ಮೋನಿಯಂ ಸಾಥ್ ಇರುವ ಹಾಡಿಕೆಯಲ್ಲಿ ಷಡ್ಜ ಎರಡು ಮನೆಗಳ ನಡುವೆ ತೂಗಾಡುವುದಿಲ್ಲ. ಹಳೆಯ ಹಾರ್ಮೋನಿಯಂ ಪೆಟ್ಟಿಗೆಗಳು ಇವತ್ತಿನ 440 ಹರ್ಟ್ಸ್ ಶ್ರುತಿಗಿಂತ ಹತ್ತಿಪ್ಪತ್ತು ಸೆಂಟ್ ಆಚೀಚೆ ಇದ್ದಿರಬಹುದು, 45 ಮಾತ್ರ ಹೆಚ್ಚಾಯಿತು.

ಈಗ ಉಳಿದದ್ದು ಡಿ ಅಥವಾ ಡಿ ಶಾರ್ಪ್, ಅಂದರೆ ಹಾರ್ಮೋನಿಯಂನ ಬಿಳಿ ಎರಡು ಅಥವಾ ಕಪ್ಪು ಎರಡನೇ ಮನೆ. ವೇಗದ ಫೈಲನ್ನು ಡಿಗೆ ಇಳಿಸಬೇಕಾದರೆ ತಟ್ಟೆ 72.4 ಸುತ್ತಿನಲ್ಲಿ ಮುದ್ರಣವಾಗಿರಬೇಕು. ಮೈಕ್ ಬರುವ ಮೊದಲಿನ ಹಾರ್ನ್ ಕಾಲದಲ್ಲಿ 70ರಿಂದ 80ರ ಮೇಲಿನವರೆಗೆ ಏನು ಬೇಕಾದರೂ ಇರುತ್ತಿತ್ತು. 1925ರ ನಂತರ ವಿದ್ಯುತ್ ಮುದ್ರಣ ಬಂದ ಮೇಲೆ ಅಷ್ಟು ಕೆಳಗೆ ಹೋಗುವುದು ಅಪರೂಪ. ಡಿ ಶಾರ್ಪ್ ಅಂತಿಟ್ಟುಕೊಂಡರೆ 76.75 ಸುತ್ತು, ನಂಬುವಂಥ ಸಂಖ್ಯೆ. ಹಾಗಾಗಿ ವೇಗದ ಫೈಲನ್ನು ಶೇ 1.6 ನಿಧಾನ ಮಾಡಿ, ಅಥವಾ ನಿಧಾನದ್ದನ್ನು ಶೇ 3.2 ವೇಗ ಮಾಡಿ. ಎರಡೂ 186 ಸೆಕೆಂಡಿಗೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ಅಳತೆಯಲ್ಲಿ ತಪ್ಪಿದೆ. ಅದೇ ದಿನ ಮುದ್ರಣವಾದ ಬೇರೆ ಬದಿ ಸಿಕ್ಕರೆ, ಅದರ ಷಡ್ಜವನ್ನೂ ಹೀಗೇ ನೋಡಿ ಹೋಲಿಸಿ. ಗಾಯಕರು ಒಂದೇ ದಿನದ ಮುದ್ರಣದಲ್ಲಿ ಪೆಟ್ಟಿಗೆ ಬದಲಿಸುವುದಿಲ್ಲ.

ಅಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಇದಕ್ಕೆ ಬಳಸಬೇಕಾದ್ದು "ಚೇಂಜ್ ಸ್ಪೀಡ್ ಅಂಡ್ ಪಿಚ್". ಬರೀ "ಚೇಂಜ್ ಪಿಚ್" ಬಳಸಿದರೆ ಶ್ರುತಿ ಸರಿಹೋಗಿ ಲಯ ತಪ್ಪಾಗೇ ಉಳಿಯುತ್ತದೆ, ಮೇಲಿಂದ ತಬಲಾದ ಪೆಟ್ಟುಗಳ ಅಂಚು ಮಸುಕಾಗುತ್ತದೆ. ಶೇ 4–5ರ ವೇಗದ ತಪ್ಪು ಸಣ್ಣದಲ್ಲ. ಶ್ರುತಿಯ ಜೊತೆ ಗಂಟಲಿನ ಗಾತ್ರವೂ ಬದಲಾಗುತ್ತದೆ, ಸ್ವರದ ಕಂಪನ ಬಿಗಿಯಾಗುತ್ತದೆ, ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಅವಸರದ್ದಾಗುತ್ತದೆ. ಕರೀಂ ಖಾನರ ಸ್ವಭಾವ ಎತ್ತರದ, ತೆರೆದ, ಮೃದು ದನಿ. ಅಂಥ ದನಿಯನ್ನು ಇನ್ನೂ ಮೇಲೆತ್ತಿದರೆ ಕೇಳುವವರಿಗೆ ಮೂಗು ಮಾತ್ರ ಸಿಗುತ್ತದೆ. ನಿಮಗೆ ಸಿಕ್ಕಿರುವ ಕರೀಂ ಖಾನ್ ಫೈಲುಗಳನ್ನು ಮೊದಲು ಈ ಲೆಕ್ಕಕ್ಕೆ ಹಚ್ಚಿ, ಆಮೇಲೆ ನಿರಾಸೆ ಪಡಿ.

ತಟ್ಟೆಯೇ ಕೈಯಲ್ಲಿದ್ದವರಿಗೆ ಮುಖ್ಯವಾಗಿ ಮೂರು ಕಡೆ ಎಡವಟ್ಟಾಗುತ್ತದೆ. ಎಲ್‌ಪಿ ಮುಳ್ಳಿನ ತುದಿ 0.0007 ಇಂಚು ಆಸುಪಾಸು, 78ರ ಗೆರೆಗೆ ಬೇಕಾದ್ದು 0.003 ಇಂಚು. ಸಣ್ಣ ಮುಳ್ಳು ಗೆರೆಯ ಗೋಡೆ ಹಿಡಿಯದೆ ತಳದಲ್ಲಿ ಉಜ್ಜುತ್ತದೆ. ತಳದಲ್ಲಿರುವುದು ಬರೀ ಧೂಳು ಮತ್ತು ಹಳೆಯ ಉಕ್ಕಿನ ಮುಳ್ಳಿನ ಪುಡಿ. ಒತ್ತಡ 3.5ರಿಂದ 5 ಗ್ರಾಂ. ಎರಡನೆಯದು ಫೋನೋ ಪ್ರಿಆಂಪ್. 1954ರಲ್ಲಿ ಸ್ಥಿರವಾದ ಆರ್‌ಐಎಎ ವಕ್ರರೇಖೆ (ಮುದ್ರಿಸುವಾಗ ಏರಿಳಿಸಿದ ಆವರ್ತನಗಳನ್ನು ನುಡಿಸುವಾಗ ಸಮ ಮಾಡುವ ಅಳತೆ) ಎಲ್‌ಪಿಗೆ ಹೊಂದುವಂಥದು. ಆ ಕಾಲದ ಹೆಚ್ಚಿನ 78ಗಳಲ್ಲಿ ಮೇಲಿನ ಆವರ್ತನಗಳನ್ನು ಎತ್ತಿ ಮುದ್ರಿಸಿರುವುದೇ ಇಲ್ಲ. ಆರ್‌ಐಎಎ ಮೂಲಕ ನುಡಿಸಿದರೆ 5 ಕಿಲೋಹರ್ಟ್ಸ್ ಹತ್ತಿರ 8 ಡೆಸಿಬೆಲ್ ಸುಮ್ಮನೆ ಕತ್ತರಿಸಿದಂತೆ, ಕೆಳಗೆ ಬೇಡದ ಊತ. ತಂಬೂರಿಯ ಜವಾರಿ (ತಂತಿಯ ಝೇಂಕಾರ), ವ್ಯಂಜನ, ತಬಲಾದ ಚಾಟಿ ಎಲ್ಲ ಇರುವುದು ಆ ಮೇಲಿನ ಭಾಗದಲ್ಲೇ. 78ಕ್ಕೆ ಬೇರೆ ಸೆಟ್ಟಿಂಗ್ ಇರುವ ಪ್ರಿಆಂಪ್ ಇಲ್ಲದಿದ್ದರೆ ಫ್ಲಾಟ್ ಆಗಿ ಮುದ್ರಿಸಿಕೊಂಡು, 250–300 ಹರ್ಟ್ಸ್‌ಗಿಂತ ಕೆಳಗೆ ಮಾತ್ರ ಸಾಫ್ಟ್‌ವೇರಿನಲ್ಲಿ ಎತ್ತಿ. ಮೂರನೆಯದು ತೊಳೆಯುವುದು: ಡಿಸ್ಟಿಲ್ಡ್ ನೀರು, ಒಂದೆರಡು ತೊಟ್ಟು ಸೌಮ್ಯ ಸಾಬೂನು, ಸಾಕು. ಎಲ್‌ಪಿಗೆ ಹಾಕುವ ಐಸೋಪ್ರೊಪೈಲ್ ಆಲ್ಕೊಹಾಲ್ ಇದಕ್ಕೆ ಬೇಡವೇ ಬೇಡ. ಅದು ಅರಗನ್ನೇ ಕರಗಿಸುತ್ತದೆ, ತಟ್ಟೆ ಹೋಯಿತು ಅಂತಲೇ ಲೆಕ್ಕ.

ಹೊಸಯಲ್ಲಾಪುರ

ಗಂಗೂಬಾಯಿಯವರ ಮಾತಿಗೆ ಬರ್ರಿ. ಪಿನ್ನು_ತಟ್ಟೆ ಹೇಳಿದ್ದು ಖರೆ, ಆದರ ಇಲ್ಲಿ ಅದೇ ಲೆಕ್ಕ ಉಲ್ಟಾ ಹೊಡಿತದ. 1930ರ ದಶಕದಾಗ "ಗಾಂಧಾರಿ" ಅನ್ನೋ ಹೆಸರಿನ ಮ್ಯಾಲ ಬಂದ ತಟ್ಟಿಗಳೊಳಗ ಅವರ ದನಿ ಖರೇನ ಸಣ್ಣದು, ಎತ್ತರದ್ದು. ಮುಂದ ಗಂಟಲಿನ ಚಿಕಿತ್ಸಾ ಆದ ಮ್ಯಾಲ ದನಿ ಒಡದು, ನಾವೆಲ್ಲ ಬಲ್ಲ ಆ ಗಂಡುದನಿ ಬಂತು. ಈ ಸಂಗತಿ ಗೊತ್ತಿಲ್ಲದವರು "ಸ್ಪೀಡ್ ಹೆಚ್ಚಾಗ್ಯದ" ಅಂತ ತಿಳಕೊಂಡು, ಕಡೀ ಕಾಲದ ಗಂಗೂಬಾಯಿ ಕೇಳಿಸೋತನಕ ಫೈಲು ನಿಧಾನ ಮಾಡತಾರ. ಅಂಥಾ ಫೈಲಿನ್ಯಾಗ ತಬಲಾ ಸತ್ತಂಗ ಕೇಳತದ, ಹಾರ್ಮೋನಿಯಂ ಷಡ್ಜ ನಾಲ್ಕೈದು ಸ್ವರಸ್ಥಾನ ಕೆಳಗ ಬಿದ್ದಿರತದ. ದನಿ ನೋಡಿ ವೇಗ ಗೊತ್ತು ಮಾಡಬ್ಯಾಡ್ರಿ, ಪೆಟ್ಟಿಗಿ ಮತ್ತ ತಬಲಾ ನೋಡಿ ಮಾಡ್ರಿ.

ಮನ್ಸೂರರ ತಟ್ಟಿ ಬಗ್ಗೆ ನಿಮ್ಮ ಕಿವಿ ಸರಿಯಾಗೇ ಹೇಳ್ಯದ. 1930ರ ದಶಕದ ಶುರುವಿನ ತಟ್ಟಿಯೊಳಗ ಜೈಪುರ ಹುಡುಕಿದರ ಎಲ್ಲಿಂದ ಸಿಗಬೇಕು? ಆವಾಗಿನ್ನೂ ಅವರು ಮಿರಜದ ನೀಲಕಂಠಬುವಾ ಕಡೆ ಕಲಿತ ಗ್ವಾಲಿಯರ್ ಗಾಯಕಿ ಹಾಡತಿದ್ದರು. ಜೈಪುರ ಘರಾಣೆಯ ಮಂಜೀ ಖಾನರ ಕಡೆ ಹೋದದ್ದು ಆಮ್ಯಾಲ. ಮಂಜೀ ಖಾನರು 1937ರಾಗ ತೀರಿಕೊಂಡ ಮ್ಯಾಲ ಭೂರ್ಜೀ ಖಾನರು. ಆ ತಟ್ಟಿ ಗ್ವಾಲಿಯರಿನ ತಟ್ಟಿ ಅಂತ ಕೇಳಿದರ ತಾನಿನ ಸ್ವಚ್ಛತನ ಕಿವಿಗೆ ಬೀಳತದ. ಜೈಪುರ ಬೇಕಂದರ 1970–80ರ ದಶಕದ ಬೈಠಕ್ ಮತ್ತ ಆಕಾಶವಾಣಿ ಮುದ್ರಣ ಕೇಳ್ರಿ. ಎಲ್‌ಪಿ ಸೈತ ಅವರಿಗೆ ಪೂರಾ ನ್ಯಾಯ ಮಾಡಿಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ. ಅವರು ಒಂದು ರಾಗ ಹದಿನೈದು-ಇಪ್ಪತ್ತು ನಿಮಿಷದಾಗ ಮುಗಿಸಬಲ್ಲವರು, ಹಂಗಾಗಿ ವೇಳೆದ ಕೊರತಿ ಅಲ್ಲ ಅದು. ಮುಂದ ಕೂತವರು "ವಾಹ್" ಅಂದಾಗ ಅವರು ಸಮ್ (ತಾಳದ ಮೊದಲ ಪೆಟ್ಟು) ಮ್ಯಾಲ ಬರೋ ರೀತಿನ ಬ್ಯಾರೆ ಆಗತದ, ಸ್ಟುಡಿಯೋದಾಗ ಅದು ಬರಂಗಿಲ್ಲ.

ಕುಮಾರ ಗಂಧರ್ವರ ಬಾಲ್ಯದ ತಟ್ಟಿಗೂ ಇದೇ ಮಾತು. ದೊಡ್ಡವರ ತಟ್ಟಿ ಕೇಳಿ ಹಂಗೇ ಒಪ್ಪಿಸತಿದ್ದ ಹುಡುಗನ ಹಾಡಿಕಿ ಅದು. ಅಚ್ಚರಿ ಪಡ್ರಿ, ಮುಂದಿನ ಕುಮಾರರನ್ನ ಅಲ್ಲಿ ಹುಡುಕಬ್ಯಾಡ್ರಿ.

ಒಳಸುತ್ತು

ಮಾರ್ವಾ–ದರ್ಬಾರಿಯ ಕೊನೆಯಲ್ಲಿ ಕರ್ಕಶವಾಗುವುದು ಅಮೀರ್ ಖಾನರಿಂದಲ್ಲ, ಜ್ಯಾಮಿತಿಯಿಂದ. 33⅓ ಸುತ್ತಿನ ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಹಾಯುತ್ತದೆ. ಲೇಬಲ್ ಹತ್ತಿರ ಸುಮಾರು 21 ಮಾತ್ರ. ಅದೇ ಶಬ್ದವನ್ನು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಬರೆಯಬೇಕು. ರಾಗವನ್ನು ವಿಲಂಬಿತದಿಂದ (ನಿಧಾನ ಲಯದಿಂದ) ಕಟ್ಟುತ್ತಾ ಹೋಗುವ ಪದ್ಧತಿಯಲ್ಲಿ ಹೊರಗಿನ ಒಳ್ಳೆಯ ಜಾಗವೆಲ್ಲ ಮೆಲ್ಲನೆಯ ಆಲಾಪಕ್ಕೆ ಹೋಗುತ್ತದೆ. ತಾನ್, ತರಾನಾ, ಜೋರು ತಬಲಾ, ಅಂದರೆ ಗೆರೆಗೆ ಅತಿ ಕಷ್ಟದ್ದೆಲ್ಲ, ಬಂದು ಬೀಳುವುದು ಅತಿ ಕೆಟ್ಟ ಜಾಗಕ್ಕೆ. ಇದು ಸಿತಾರಿನ ಕೊನೆಯ ವೇಗದ ಝಾಲಾಕ್ಕೂ ಅನ್ವಯ. ಬದಿ 20 ನಿಮಿಷ ದಾಟಿದರೆ ಇನ್ನೂ ಬಿಗಡಾಯಿಸುತ್ತದೆ.

ಪ್ರೊಟ್ರ್ಯಾಕ್ಟರ್ ಇಟ್ಟು ಕಾರ್ಟ್ರಿಜ್ ಕೋನ ಸರಿಮಾಡಿ. ದುಂಡು ಮುಳ್ಳಿನ ಬದಲು ದೀರ್ಘವೃತ್ತದ ಅಥವಾ ಇನ್ನೂ ಸೂಕ್ಷ್ಮ ತುದಿಯದು ಹಾಕಿ. ಒತ್ತಡವನ್ನು ತಯಾರಕರು ಹೇಳಿದ ಮಿತಿಯ ಮೇಲ್ತುದಿಗೆ ತನ್ನಿ, 1.5ರಿಂದ 2 ಗ್ರಾಂ ಅಂತಿದ್ದರೆ 1.9 ಇಡಿ, ಕಡಿಮೆ ಇಟ್ಟರೆ ತಟ್ಟೆ ಉಳಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಮುಳ್ಳು ಕುಣಿದರೇ ಗೋಡೆ ಕಿತ್ತುಹೋಗುವುದು. ಇಷ್ಟಾದರೂ ಕರ್ಕಶ ಹೋಗದಿದ್ದರೆ ಆ ಪ್ರತಿಯ ಗೆರೆ ಹಿಂದೆಯೇ ಸವೆದಿದೆ, ಬೇರೆ ಪ್ರತಿ ಹುಡುಕಬೇಕು.

ಇನ್ನು ಹಾಡಿಕೆ. ಅಮೀರ್ ಖಾನರ ಅತಿವಿಲಂಬಿತ ಝೂಮ್ರಾ ತಾಳದಲ್ಲಿ 14 ಮಾತ್ರೆಯ ಒಂದು ಆವರ್ತ ಮುಗಿಯಲು ಮುಕ್ಕಾಲು ನಿಮಿಷದ ಮೇಲೆ ಬೇಕು. ಒಂದು ಬದಿಯಲ್ಲಿ ದ್ರುತ್‌ಗೂ ಜಾಗ ಬಿಟ್ಟರೆ ರಾಗವಿಸ್ತಾರದ ಬಡಹತ್‌ಗೆ ಎಷ್ಟು ಆವರ್ತ ಉಳಿಯಿತು ನೀವೇ ನೋಡಿ. ಮಾರ್ವಾ ಆ ಇಕ್ಕಟ್ಟಿನಲ್ಲೂ ಗೆದ್ದಿದೆ, ಯಾಕಂದರೆ ಷಡ್ಜವನ್ನು ತಪ್ಪಿಸಿ ಕೋಮಲ ರಿಷಭ ಮತ್ತು ಧೈವತದ ಮೇಲೆ ನಿಲ್ಲುವ ಆ ರಾಗದ ಉದ್ವೇಗಕ್ಕೆ ಬಿಗಿಯಾದ ಚೌಕಟ್ಟು ಒಗ್ಗುತ್ತದೆ. ದರ್ಬಾರಿಗೆ ಸಾಲದು. ಮೆಲ್ಲನೆ ತೂಗುವ ಆಂದೋಲಿತ ಗಾಂಧಾರ ಕೂತುಕೊಳ್ಳುವಷ್ಟರಲ್ಲಿ ಮುಂದಕ್ಕೆ ಹೊರಡಬೇಕಾಗುತ್ತದೆ. ಮಾರ್ವಾಕ್ಕೆ ಸಿಕ್ಕ ಹೊಗಳಿಕೆಯನ್ನು ದರ್ಬಾರಿ ಬದಿಗೂ ಹಂಚುವುದು ಅಭ್ಯಾಸಬಲ.

ಕೋಮಲ_ನಿ

ತಟ್ಟೆ, ಮುಳ್ಳು, ವೇಗ ಎಲ್ಲ ಸರಿಯಿದ್ದೂ ನಿರಾಸೆ ಮಾಡುವವು ಇವೆಯಲ್ಲ, ಅವನ್ನೂ ಹೇಳಿಬಿಡೋಣ.

ಮೊದಲನೆಯದು ಪಿಟೀಲುವಾದಕ ಮೆನುಹಿನ್ ಮತ್ತು ರವಿಶಂಕರ್ ಅವರ 1967ರ "ವೆಸ್ಟ್ ಮೀಟ್ಸ್ ಈಸ್ಟ್". ಚೇಂಬರ್ ಸಂಗೀತಕ್ಕೆ ಗ್ರ್ಯಾಮಿ ಬಂದದ್ದರಿಂದ ಇದು ಎಲ್ಲ ಪಟ್ಟಿಗಳಲ್ಲೂ ಇರುತ್ತದೆ. ಗುಣಕಲಿ ಮತ್ತು ತಿಲಂಗ್ ಆಧಾರದ ತುಣುಕುಗಳಲ್ಲಿ ಪಿಟೀಲಿನ ಭಾಗ ಮೊದಲೇ ಬರೆದುಕೊಟ್ಟದ್ದು, ಅದು ಕೇಳಿಸುತ್ತದೆ ಕೂಡ. ಸ್ವರದಿಂದ ಸ್ವರಕ್ಕೆ ಜಾರುವ ಕಡೆ ಮೆನುಹಿನ್ ಎಚ್ಚರದಿಂದ ಹೆಜ್ಜೆ ಇಡುತ್ತಾರೆ. ತಬಲಾದಲ್ಲಿ ಅಲ್ಲಾರಖಾ ಪ್ರಶ್ನೆ ಹಾಕಿದರೆ ಉತ್ತರ ಸಿದ್ಧವಾಗಿ ಬರುತ್ತದೆ, ಹುಟ್ಟಿ ಬರುವುದಿಲ್ಲ. ತಮಾಷೆ ಎಂದರೆ ಇದೇ ತಟ್ಟೆಯಲ್ಲಿ ಮೆನುಹಿನ್ ತಂಗಿ ಹೆಫ್ಜಿಬಾ ಜೊತೆ ನುಡಿಸಿದ ಎನೆಸ್ಕು ಮೂರನೇ ಸೊನಾಟಾ ಇದೆ. ರುಮೇನಿಯದ ಎನೆಸ್ಕು ಮೆನುಹಿನ್ ಅವರ ಗುರು. ರುಮೇನಿಯದ ಜನಪದ ಪಿಟೀಲಿನ ಜಾರುಗಳು, ಸ್ವರಗಳ ನಡುವಿನ ಸ್ವರಗಳು ಅಲ್ಲಿ ಅವರ ಬೆರಳಿನಿಂದ ಸಲೀಸಾಗಿ ಬರುತ್ತವೆ. ತಟ್ಟೆ ಕೊಳ್ಳುವುದಾದರೆ ಅದಕ್ಕಾಗಿ, ಮತ್ತು ರವಿಶಂಕರ್ ಒಬ್ಬರೇ ನುಡಿಸಿದ ಪೂರಿಯಾ ಕಲ್ಯಾಣಕ್ಕಾಗಿ ಕೊಳ್ಳಿ.

ಎರಡನೆಯದು ಅದೇ ವರ್ಷದ "ಕಾಲ್ ಆಫ್ ದ ವ್ಯಾಲಿ". ಶಿವಕುಮಾರ್ ಶರ್ಮಾ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕುರಿಗಾಹಿಯ ಒಂದು ದಿನ ಎಂಬ ಎಳೆಗೆ ರಾಗ ಜೋಡಿಸಿದ ಯೋಜನೆ. ಮುದ್ರಣ ಸೊಗಸು, ಮೂರೂ ವಾದ್ಯ ಬಿಡಿಬಿಡಿಯಾಗಿ ಕೇಳುತ್ತವೆ. ಆದರೆ ಅಹಿರ್ ಭೈರವದ ಮೊಳಕೆ ಒಡೆಯುವಷ್ಟರಲ್ಲಿ ದೃಶ್ಯ ಬದಲಾಗುತ್ತದೆ. ರಾಗ ಕಲಿಯಲು ಹೊರಟವರಿಗೆ "ಮೊದಲು ಇದನ್ನು ಕೇಳಿ" ಅಂತ ಕೊಡುವುದು ತಪ್ಪು. ಶಿವಕುಮಾರರ ಸಂತೂರ್ ಏನೆಂದು ತಿಳಿಯಬೇಕಾದರೆ ಒಂದೇ ರಾಗಕ್ಕೆ ಮುಕ್ಕಾಲು ಗಂಟೆ ಕೊಟ್ಟ ಯಾವುದಾದರೂ ಕಛೇರಿ ಮುದ್ರಣ ಸಾಕು.

ಕರ್ನಾಟಕ ಸಂಗೀತದ ಕಡೆಯಿಂದಲೂ ಒಂದು ಹೆಸರು: ಪಿಟೀಲು ಚೌಡಯ್ಯನವರು. ಇಲ್ಲಿ ನಿರಾಸೆಗೆ ಕಾರಣ ಬೇರೆ. ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಅವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಸಭೆಯಲ್ಲಿ ಆ ಜೋಡಿ ತಂತಿಗಳು ತುಂಬುನಾದ ಕೊಡುತ್ತವೆ. ಹತ್ತಿರದ ಮೈಕಿನ ಮುಂದೆ ಮಾತ್ರ ಒಂದು ಕೂದಲೆಳೆ ಶ್ರುತಿ ವ್ಯತ್ಯಾಸವಿದ್ದರೂ ಮಿಡಿತ ಎದ್ದು, ದನಿ ಒರಟಾಗಿ ಕೇಳುತ್ತದೆ. ಉಳಿದಿರುವ ಮುದ್ರಣಗಳಲ್ಲಿ ಹಲವು ಪಕ್ಕವಾದ್ಯದವು, ಮೈಕ್ ಇದ್ದದ್ದು ಗಾಯಕರ ಮುಂದೆ. ಹೆಡ್‌ಫೋನ್ ಬಿಟ್ಟು ಸ್ಪೀಕರಿನಲ್ಲಿ, ಸ್ವಲ್ಪ ದೂರ ಕೂತು ಕೇಳಿ. ಅವರ ಬಿಲ್ಲಿನ ಉದ್ದ ಆಗ ಗೊತ್ತಾಗುತ್ತದೆ.

ಒಳಸುತ್ತು

ಕಾಲ್ ಆಫ್ ದ ವ್ಯಾಲಿ ಬಗ್ಗೆ ಒಪ್ಪುವುದಿಲ್ಲ. ಅದು ರಾಗವಿಸ್ತಾರದ ತಟ್ಟೆ ಅಂತ ಮಾಡಿದವರೂ ಹೇಳಿಲ್ಲ. ಪಹಾಡಿ ತುಣುಕಿನಲ್ಲಿ ಗಿಟಾರ್ ಬಿಟ್ಟ ಕಡೆ ಕೊಳಲು ಎತ್ತಿಕೊಳ್ಳುವ ಬಗೆ ನೋಡಿ, ಮೂವರಲ್ಲಿ ಯಾರೂ ತಾನು ಮುಂದೆ ಅಂತ ನುಗ್ಗುವುದಿಲ್ಲ. ಆ ಅಳತೆಗೋಲಿನಲ್ಲಿ ಅದು ಪಾಸು. ಮೆನುಹಿನ್ ವಿಷಯದಲ್ಲಿ ತಕರಾರಿಲ್ಲ.

ಮಂದ್ರಪಂಚಮ

ವೇಗದ ಫೈಲನ್ನು ಶೇ 1.6 ನಿಧಾನ ಮಾಡಿ, ಇನ್ನೊಂದನ್ನು ಶೇ 3.2 ವೇಗ ಮಾಡಿ ನೋಡಿದೆ. ಎರಡೂ 186ಕ್ಕೇ ಬಂದವು. ಆದರೆ ಶ್ರುತಿ ಒಂದಾದ ಮೇಲೂ ಒಂದರಲ್ಲಿ ತಂಬೂರಿ ಮಸುಕಾಗಿಯಾದರೂ ಇದೆ, ಇನ್ನೊಂದರಲ್ಲಿ ನೀರೊಳಗಿನಿಂದ ಕೇಳಿದಂತೆ ಗುಳುಗುಳು. ಎಡ-ಬಲ ಸ್ಪೀಕರುಗಳಲ್ಲೂ ದನಿ ಬೇರೆಬೇರೆ. 78 ಮೋನೋ ಅಲ್ಲವೇ? ಇನ್ನೊಂದು, ರೇಡಿಯೋ ಟೇಪುಗಳ ವೇಗವನ್ನು ಹಮ್ (ವಿದ್ಯುತ್ ಪೂರೈಕೆಯ ಗುಂಯ್ ಸದ್ದು) ನೋಡಿ ಪತ್ತೆ ಮಾಡಬಹುದು ಅಂತ ಓದಿದೆ, ನಂಬಬಹುದಾ?

ಪಿನ್ನು_ತಟ್ಟೆ

ಗುಳುಗುಳು ಬಂದದ್ದು ಹಿಸ್ ತೆಗೆಯುವ ಸಾಫ್ಟ್‌ವೇರಿನ ಅತಿಯಿಂದ. ಟಿಕ್-ಟಿಕ್ ತೆಗೆಯುವುದರಿಂದ ಅಷ್ಟೇನೂ ಹಾನಿಯಿಲ್ಲ, ಅದು ಒಂದೊಂದು ಮಿಲಿಸೆಕೆಂಡಿನ ಕೆಲಸ. ಸುರ್ ಎನ್ನುವ ಸದ್ದನ್ನು ತೆಗೆಯುವುದು ಹಾಗಲ್ಲ. ತಂಬೂರಿಯ ಮೇಲಿನ ಸ್ವಯಂಭೂ ಸ್ವರಗಳೂ ಆ ಸದ್ದಿನಷ್ಟೇ ಮೆಲುವಾಗಿರುತ್ತವೆ, ಸಾಫ್ಟ್‌ವೇರಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಗೆ ಕಳೆದುಹೋದದ್ದು ವಾಪಸು ಬರುವುದಿಲ್ಲ. ಆ ಫೈಲು ಬಿಡಿ, ಸದ್ದಿರುವುದನ್ನೇ ಇಟ್ಟುಕೊಳ್ಳಿ. ನೀವೇ ಮಾಡುವುದಾದರೆ ಹಾಡು ಶುರುವಾಗುವ ಮೊದಲಿನ ಖಾಲಿ ಗೆರೆಯಿಂದ ಅರ್ಧ ಸೆಕೆಂಡ್ ಮಾದರಿ ತೆಗೆದು, 6 ಡೆಸಿಬೆಲ್‌ಗೆ ನಿಲ್ಲಿಸಿ. 12ಕ್ಕೆ ಹೋದರೆ ಜವಾರಿ ಹೋಗುತ್ತದೆ. ಅಡಾಸಿಟಿಯಲ್ಲಿ "ರೆಸಿಡ್ಯೂ" ಒತ್ತಿದರೆ ತೆಗೆದುಹಾಕಿದ್ದು ಮಾತ್ರ ಕೇಳುತ್ತದೆ. ಅದರಲ್ಲಿ ಗಾಯಕರ ಸ, ಶ ಕೇಳಿಸಿದರೆ ಕತ್ತರಿ ಜಾಸ್ತಿಯಾಗಿದೆ.

ಎಡ-ಬಲ ಬೇರೆ ಇರುವುದು ನಕಲಿ ಸ್ಟೀರಿಯೋ. ಮೋನೋವನ್ನು ಒಂದು ಕಡೆ ಬಾಸ್, ಒಂದು ಕಡೆ ಟ್ರೆಬಲ್ ಎತ್ತಿ, ಇಲ್ಲವೇ ಒಂದು ಕಡೆಯನ್ನು ಕೊಂಚ ತಡ ಮಾಡಿ ಹಿಗ್ಗಿಸುವ ಚಾಳಿ ಎಲ್‌ಪಿ ಕಾಲದಲ್ಲಿತ್ತು, ಪ್ರತಿಧ್ವನಿ ಉಚಿತ. ಸ್ಟೀರಿಯೋ ಟ್ರ್ಯಾಕ್ ಒಡೆದು, ಒಂದನ್ನು ಇನ್ವರ್ಟ್ ಮಾಡಿ ಕೂಡಿಸಿ. ನಿಶ್ಶಬ್ದ ಬಂದರೆ ಶುದ್ಧ ಮೋನೋ. ಏನಾದರೂ ಉಳಿದರೆ ಅದು ಸೇರಿಸಿದ್ದು. ಬಾಸ್-ಟ್ರೆಬಲ್ ಬಗೆಯದಾದರೆ ಎರಡನ್ನೂ ಕೂಡಿಸಿದರೆ ಬಹುಪಾಲು ಸರಿಹೋಗುತ್ತದೆ. ತಡದ ಬಗೆಯದನ್ನು ಕೂಡಿಸಬೇಡಿ, ಡಬ್ಬಿಯೊಳಗಿನ ದನಿಯಾಗುತ್ತದೆ. ಚೆನ್ನಾಗಿರುವ ಒಂದು ಚಾನೆಲ್ ಮಾತ್ರ ಇಟ್ಟುಕೊಳ್ಳಿ.

ನೇರವಾಗಿ ತಟ್ಟೆಯಿಂದ ನೀವೇ ಇಳಿಸುವಾಗ ಸ್ಟೀರಿಯೋ ಕಾರ್ಟ್ರಿಜ್ ಇದ್ದರೆ ಕೂಡಿಸುವುದೇ ಸರಿ. 78ರಲ್ಲಿ ಸಂಗೀತ ಇರುವುದು ಅಡ್ಡ ಚಲನೆಯಲ್ಲಿ, ಮೇಲೆ-ಕೆಳಗಿನದು ಬರೀ ಗದ್ದಲ, ಅದು ತನ್ನಷ್ಟಕ್ಕೆ ರದ್ದಾಗುತ್ತದೆ. ತಿರುಗಣಿಯ ವೇಗ ನೋಡಲು 77 ಗೆರೆಯ ಸ್ಟ್ರೋಬ್ ಚಕ್ರ ತನ್ನಿ. 50 ಹರ್ಟ್ಸ್ ದೀಪದ ಕೆಳಗೆ ಗೆರೆಗಳು ನಿಂತಂತೆ ಕಂಡರೆ 77.92 ಸುತ್ತು. 92 ಗೆರೆಯದು ಅಮೆರಿಕದ 60 ಹರ್ಟ್ಸ್‌ಗೆ, ಇಲ್ಲಿ ಕೆಲಸಕ್ಕೆ ಬಾರದು. ಎಲ್‌ಇಡಿ ಬಲ್ಬುಗಳ ಕೆಳಗೂ ಸರಿಯಾಗಿ ಕಾಣದು, ಹಳೆಯ ನಿಯಾನ್ ಇಂಡಿಕೇಟರ್ ಸಾಕು.

ಹಮ್_ಹುಡುಕ

ಹಮ್ ಪ್ರಶ್ನೆಗೆ ಉತ್ತರ: ನಂಬಬಹುದು, ಕಣ್ಣುಮುಚ್ಚಿ ಅಲ್ಲ. ಅಡಾಸಿಟಿಯ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಸೈಜ್ 65536 ಇಟ್ಟು 50 ಹರ್ಟ್ಸ್‌ಗಿಂತ 100 ಮತ್ತು 150ರ ಹತ್ತಿರದ ಮೊನೆಗಳನ್ನು ನೋಡಿ, ವ್ಯತ್ಯಾಸ ಅಲ್ಲಿ ದೊಡ್ಡದಾಗಿ ಕಾಣುತ್ತದೆ. 100ರ ಜಾಗದಲ್ಲಿ 98 ಇದ್ದರೆ ಟೇಪ್ ಶೇ 2 ನಿಧಾನ ಓಡಿದೆ. ಸರಿಯಾಗಿ 100ಕ್ಕೇ ಸೂಜಿಯಂಥ ಮೊನೆ ಇದ್ದು, 98ರಲ್ಲೂ ಒಂದಿದ್ದರೆ 100ರದು ಡಿಜಿಟಲ್ ಮಾಡಿದ ಕೋಣೆಯದು, 98ರದು ಮೂಲ ಮುದ್ರಣದ್ದು.

ಈಗ ಸಿಕ್ಕು. ನಮ್ಮ ವಿದ್ಯುತ್ ಗ್ರಿಡ್ ಹಿಂದಿನ ದಶಕಗಳಲ್ಲಿ 50ರಲ್ಲಿ ನಿಲ್ಲುತ್ತಲೇ ಇರಲಿಲ್ಲ, ದಕ್ಷಿಣದಲ್ಲಂತೂ ಬೇಸಿಗೆಯ ಸಂಜೆ 48.5ಕ್ಕೆ ಇಳಿಯುವುದು ಮಾಮೂಲು. ಆ ಹೊತ್ತಿನ ಕಛೇರಿಯ ಟೇಪಿನಲ್ಲಿ ಹಮ್ 97 ಹರ್ಟ್ಸ್ ಇದ್ದರೆ ಟೇಪ್ ಸರಿಯಾದ ವೇಗದಲ್ಲೇ ಇರಬಹುದು. ನೀವು ಅದನ್ನು 100ಕ್ಕೆ ಎಳೆದರೆ ಹಾಡಿಕೆ ಶೇ 3 ಮೇಲೆ ಹೋಯಿತು. ಇದಕ್ಕೆ ವಿರುದ್ಧ ಸಂದರ್ಭವೂ ಇದೆ. ಮುದ್ರಣ ಯಂತ್ರದ್ದು ಸಿಂಕ್ರೊನಸ್ ಮೋಟರ್ ಆಗಿದ್ದರೆ ಗ್ರಿಡ್ ಇಳಿದಷ್ಟೂ ಟೇಪ್ ನಿಧಾನವಾಗುತ್ತದೆ. ಆಮೇಲೆ ಸರಿಯಾದ 50ರಲ್ಲಿ ನುಡಿಸಿದಾಗ ಹಮ್ ಚೊಕ್ಕವಾಗಿ 100ಕ್ಕೇ ಬಂದು ಕೂರುತ್ತದೆ, ಸಂಗೀತ ಮಾತ್ರ ಶೇ 3 ಏರಿರುತ್ತದೆ. ಹಮ್ ಸರಿಯಿದೆ ಅಂತ ಬೀಗುವುದೇ ಆಗ ತಪ್ಪು. ಹಾಗಾಗಿ ಹಮ್ ಒಂದು ಸಾಕ್ಷಿ, ಹಾರ್ಮೋನಿಯಂ ಇನ್ನೊಂದು. ಎರಡೂ ಜಗಳವಾಡಿದರೆ ಹಾರ್ಮೋನಿಯಂ ಪರ ನಿಲ್ಲಿ. ಬ್ಯಾಟರಿ ಕ್ಯಾಸೆಟ್ ಯಂತ್ರದ ಮುದ್ರಣವಾದರೆ ಹಮ್ ಹುಡುಕುವುದೇ ಬೇಡ, ಅಲ್ಲಿ ಬ್ಯಾಟರಿ ಇಳಿದಂತೆ ಟೇಪಿನ ಓಟ ನಿಧಾನವಾಗಿ, ಕೇಳುವಾಗ ಷಡ್ಜ ಮೇಲೇರುತ್ತಾ ಹೋಗುತ್ತದೆ. ಶುರು, ನಡು, ಕೊನೆ ಮೂರು ಕಡೆ ಷಡ್ಜ ಅಳೆದು ತುಂಡುತುಂಡಾಗಿ ತಿದ್ದಬೇಕು.